ಹನ್ನೆರಡನೆಯವಳು

ನಮ್ಮ ದೊಡ್ಡವ್ವನಿಗೆ ಎಣಿಸಲು ಬರುವುದಿಲ್ಲ. ತಪ್ಪು ತಿಳಿಯಬೇಡಿ, ಒಂದರಿಂದ ನೂರರವರೆಗೆ ಕನ್ನಡ, ಕೊಂಕಣಿ, ಹಿಂದಿ ಮೂರರಲ್ಲೂ ಸರಾಗವಾಗಿ ಹೇಳುತ್ತಾಳೆ. ಎಲ್ಲಿ ನಿಲ್ಲಿಸಬೇಕು ಎಂಬುದು ಮಾತ್ರ ಆಕೆಗೆ ಗೊತ್ತಿಲ್ಲ. ಎದುರಿಗೆ ಹನ್ನೊಂದು ಜನ ನಿಂತಿದ್ದರೆ ಹನ್ನೆರಡು ಅನ್ನುತ್ತಾಳೆ. ಮನೆಯಲ್ಲಿ ನಾವಿಬ್ಬರೇ ಇದ್ದರೂ ಮೂರು ತಾಟು ಹಾಕುತ್ತಾಳೆ. ಖಾಲಿ ತಾಟಿನ ಎದುರು ಕುಳಿತು ರೊಟ್ಟಿ ತಿನ್ನುವುದು ಹೇಗಿರುತ್ತದೆಂದು ನೀವೇ ಯೋಚಿಸಿ! ಮೊದಲ ವಾರವೆಲ್ಲ ನಾನು ಗೋಡೆಯ ಕಡೆ ಮುಖ ಮಾಡಿ ಉಂಡೆ.

ದೊಡ್ಡವ್ವ ಎಂದರೆ ನನ್ನ ತಾಯಿಯ ಅಕ್ಕ. ಅಪ್ಪ ಗೋವೆಯ ಡಿಚೋಲಿಯಲ್ಲಿ ಲಾರಿ ಓಡಿಸುತ್ತಾನೆ, ಕಾಲೇಜು ಪಣಜಿಯ ಹತ್ತಿರ, ಹೀಗಾಗಿ ನನ್ನನ್ನು ಚಿಂಬಲ್‌ನ ದೊಡ್ಡವ್ವನ ಒಂದೇ ಕೋಣೆಯ ಮನೆಯಲ್ಲಿ ಬಿಟ್ಟಿದ್ದರು. ಆಕೆ ಕಟ್ಟಡದ ಕೆಲಸಕ್ಕೆ ಹೋಗುವ ಹೆಂಗಸರ ಗ್ಯಾಂಗಿನ ಮುಖ್ಯಸ್ಥೆ. ಆಕೆಯನ್ನೂ ಸೇರಿಸಿ ಹನ್ನೊಂದು ಮಂದಿ. ಹನ್ನೊಂದು ಎಂದು ನಾನು ಹೇಳುತ್ತಿದ್ದೇನೆ, ಆಕೆಯನ್ನು ಕೇಳಬೇಡಿ.

ನನ್ನ ರೋಗವನ್ನೂ ಹೇಳಿಬಿಡುತ್ತೇನೆ. ನಾಲ್ಕು ಜನರ ಮುಂದೆ ನಿಂತರೆ ನನ್ನ ಗಂಟಲು ಮುಚ್ಚಿಕೊಳ್ಳುತ್ತಿತ್ತು. ಹಾಜರಿ ಕೂಗುವಾಗ ‘ಪ್ರೆಸೆಂಟ್’ ಅನ್ನಲೂ ದನಿ ಹೊರಡುತ್ತಿರಲಿಲ್ಲ. ಬಿ.ಎ. ಮೊದಲ ವರ್ಷವಿಡೀ ಎರಡನೇ ಬೆಂಚಿನಲ್ಲಿ ಕುಳಿತಿದ್ದವಳು ಕಾಲೇಜಿನ ಪುಸ್ತಕದಲ್ಲಿ ಅರ್ಧ ವರ್ಷ ಗೈರುಹಾಜರು! ಕುಳಿತಿದ್ದೇನೆ, ಕಾಣುತ್ತೇನೆ, ಆದರೆ ಇಲ್ಲ. ದೆವ್ವದ ಬಾಳು ಇದಕ್ಕಿಂತ ಬೇರೆ ಇರುತ್ತದೆಯೇ?

ಈ ರೋಗಕ್ಕೆ ಮದ್ದೆಂದು ಎರಡನೇ ವರ್ಷದಲ್ಲಿ ನಾಯಕತ್ವ ಎಂಬ ವಿಷಯ ತೆಗೆದುಕೊಂಡೆ. ಪಾಠ ಮಾಡುತ್ತಿದ್ದ ಮೇಡಂ ಮೊದಲ ದಿನವೇ ಹೇಳಿದರು: ಪ್ರತಿಯೊಬ್ಬರೂ ಒಬ್ಬ ನಾಯಕನನ್ನು ಹದಿನೈದು ದಿನ ಹತ್ತಿರದಿಂದ ನೋಡಬೇಕು, ಆಮೇಲೆ ಸಭಾಂಗಣದಲ್ಲಿ ಎಲ್ಲರೆದುರು ಹತ್ತು ನಿಮಿಷ ಮಾತಾಡಬೇಕು. ಮಾತಾಡದವರು ನಪಾಸು. ಗೆಳತಿಯರು ಹೋಟೆಲಿನ ಮ್ಯಾನೇಜರನ್ನು ಹಿಡಿದರು, ಫುಟ್‌ಬಾಲ್ ಕೋಚನ್ನು ಹಿಡಿದರು. ನನ್ನನ್ನು ಹೋಟೆಲಿನ ಗೇಟಿನಲ್ಲೇ ನಿಲ್ಲಿಸಿದರು, ಯಾಕೆ ಬಂದೆ ಎಂದು ಕೇಳಿದಾಗ ನನಗೆ ಬಾಯಿ ಬರಲಿಲ್ಲ. ಕೊನೆಗೆ ಉಳಿದವಳು ಬಾಯಿ ಬಿಡದೆ ನೋಡಬಹುದಾದ ಒಬ್ಬಳೇ ನಾಯಕಿ, ನಮ್ಮ ದೊಡ್ಡವ್ವ.

ಬೇರೆಯವರಿಗೆ ಕಾಣದ್ದು ನಾಯಕನಿಗೆ ಕಾಣುತ್ತದೆ ಎಂದು ಮೇಡಂ ಬೋರ್ಡಿನ ಮೇಲೆ ಬರೆದಿದ್ದರು. ಆ ಲೆಕ್ಕದಲ್ಲಿ ದೊಡ್ಡವ್ವನನ್ನು ಮೀರಿಸುವ ನಾಯಕಿ ಇಡೀ ಗೋವೆಯಲ್ಲಿ ಸಿಗಲಿಕ್ಕಿಲ್ಲ!

ಆಗ ಅವರ ಕೆಲಸ ಪರ್ವರಿಯ ಒಂದು ಏಳು ಮಹಡಿಯ ಕಟ್ಟಡದಲ್ಲಿ ನಡೆದಿತ್ತು. ಏಳೂ ಮಹಡಿಗೆ ಕಾಂಕ್ರೀಟಿನ ಸ್ಲ್ಯಾಬು ಹಾಕಿಯಾಗಿತ್ತು, ಗೋಡೆ ಇನ್ನೂ ಎದ್ದಿರಲಿಲ್ಲ. ಕಾಲೇಜು ಮುಗಿಸಿ ನೋಟ್‌ಬುಕ್ಕು ಹಿಡಿದು ಹೋಗುತ್ತಿದ್ದೆ. ಐದೂವರೆಗೆ ಕೆಲಸ ಬಿಟ್ಟಾಗ ಹೆಂಗಸರು ಕೈಕಾಲು ತೊಳೆದು ಸಾಲಾಗಿ ನಿಲ್ಲುವರು. ದೊಡ್ಡವ್ವ ತನ್ನ ಎದೆ ಮುಟ್ಟಿಕೊಂಡು ಒಂದು ಅನ್ನುವಳು, ಆಮೇಲೆ ಒಬ್ಬೊಬ್ಬರ ಹೆಗಲು ಮುಟ್ಟುತ್ತ ಹನ್ನೊಂದಕ್ಕೆ ಬರುವಳು. ಅಲ್ಲಿಗೆ ನಿಲ್ಲಬೇಕಲ್ಲವೇ? ಇಲ್ಲ. ಕೊನೆಯವಳ ಪಕ್ಕದ ಖಾಲಿ ಜಾಗದಲ್ಲಿ, ಸರಿಯಾಗಿ ಒಂದು ಹೆಗಲಿನ ಎತ್ತರಕ್ಕೆ ಕೈ ಚಾಚಿ ‘ಹನ್ನೆರಡು’ ಅನ್ನುವಳು. ಕೈ ಗಾಳಿಯಲ್ಲಿ ಸ್ವಲ್ಪ ಹೊತ್ತು ಹಾಗೇ ಇರುತ್ತಿತ್ತು.

“ಒಬ್ಬಾಕಿ ಕಮ್ಮಿ ಅದಾಳ. ತಡೀರಿ, ನೋಡಿ ಬರ್ತೀನಿ,” ಎಂದು ಹೇಳಿ ಒಬ್ಬಳೇ ಮೆಟ್ಟಿಲು ಹತ್ತುವಳು. ಪ್ರತಿ ಮಹಡಿಯಲ್ಲೂ ನಿಂತು ಕರೆಯುವಳು: “ಏ ಹೊಸಾಕಿ, ಹೊತ್ತಾತು, ಕೆಳಗ ಬಾರವ್ವಾ. ಇದ್ದರ ಓ ಅನ್ನು.”

ಗೋಡೆಯಿಲ್ಲದ ಕಟ್ಟಡದಲ್ಲಿ ಆ ದನಿ ಕಂಬಕ್ಕೆ ಬಡಿದು ಬೇರೆ ಯಾರದೋ ದನಿಯಾಗಿ ಕೆಳಗೆ ಬರುತ್ತಿತ್ತು. ಆಗ ಕೆಳಗಿನ ಹತ್ತೂ ಹೆಂಗಸರು ಬಾಯಿಗೆ ಸೆರಗು ಒತ್ತಿ ಹಿಡಿಯುತ್ತಿದ್ದರು. ಅಪ್ಪಿತಪ್ಪಿ ಯಾರಾದರೂ ಓ ಅಂದರೆ ಹೊಸಾಕಿಯ ಜಾಗಕ್ಕೆ ಅವರು ಹೋಗಬೇಕಾಗುತ್ತದಂತೆ. ಕೆಮ್ಮು ಬಂದರೂ ತಡೆದುಕೊಳ್ಳುತ್ತಿದ್ದರು. ಒಬ್ಬಳಂತೂ ಆಕಳಿಕೆಯನ್ನು ನುಂಗಿ ಕಣ್ಣಲ್ಲಿ ನೀರು ತಂದುಕೊಂಡದ್ದನ್ನು ನಾನೇ ನೋಡಿದ್ದೇನೆ. ನಾನೂ ಬಾಯಿ ಮುಚ್ಚಿಕೊಂಡೆ. ಜೀವಮಾನದಲ್ಲಿ ಮೊದಲ ಸಲ ನನ್ನ ರೋಗ ಒಂದು ಉಪಯೋಗಕ್ಕೆ ಬಂದಿತ್ತು.

ಮೂರನೆಯ ದಿನ ಚಹಾದ ವಿಷಯ ಗಮನಕ್ಕೆ ಬಂತು. ಹನ್ನೊಂದು ಕಪ್ಪು ಹಂಚಿದ ಮೇಲೆ ಹನ್ನೆರಡನೆಯದನ್ನು ದೊಡ್ಡವ್ವ ಮೊದಲ ಮೆಟ್ಟಿಲ ಮೇಲೆ ಇಡುತ್ತಿದ್ದಳು. ಸಂಜೆಗೆ ಕಪ್ಪು ಖಾಲಿ! ಓದಿದ ಹುಡುಗಿ ನಾನು, ಬಿಡುತ್ತೇನೆಯೇ? ವಾಚ್‌ಮನ್‌ನನ್ನು ಹಿಡಿದೆ. ಆತ ನಾಚಿಕೊಂಡು ತಾನೇ ಕುಡಿಯುವುದೆಂದು ಒಪ್ಪಿಕೊಂಡ, ದೊಡ್ಡವ್ವನಿಗೆ ಹೇಳಬೇಡವೆಂದು ಕೈ ಮುಗಿದ. ನಾನು ಗೆದ್ದ ಖುಷಿಯಲ್ಲಿ ನೋಟ್‌ಬುಕ್ಕಿನಲ್ಲಿ ಎಲ್ಲ ಬರೆದುಕೊಂಡೆ. ಮರುದಿನ ವಾಚ್‌ಮನ್ ರಜೆಯಲ್ಲಿದ್ದ. ಸಂಜೆ ನೋಡಿದರೆ ಕಪ್ಪು ಖಾಲಿಯಾಗಿತ್ತು. ಆ ಪುಟವನ್ನು ನಾನು ಹರಿದು ಹಾಕಿದೆ.

ಆ ಸೈಟಿಗೆ ಹೊಸದಾಗಿ ಬಂದ ಎಂಜಿನಿಯರ್ ಒಬ್ಬನಿದ್ದ, ಮೀಸೆ ಇನ್ನೂ ಸರಿಯಾಗಿ ಬಲಿತಿರಲಿಲ್ಲ. ಈಕೆಯ ಹುಡುಕಾಟದಿಂದ ಗೇಟು ಮುಚ್ಚಲು ದಿನಾ ತಡವಾಗುತ್ತದೆಂದು ಅವನಿಗೆ ಸಿಟ್ಟು. ಮೇಲೆ ಯಾರೂ ಇಲ್ಲವೆಂದು ತೋರಿಸಿಯೇ ಬಿಡುತ್ತೇನೆಂದು ಒಂದು ಸಂಜೆ ಆಕೆಯ ಜೊತೆ ಹತ್ತಿದ. ಕಾಲು ಗಂಟೆಯ ಮೇಲೆ ಇಳಿದು ಬಂದಾಗ ದೊಡ್ಡವ್ವ ಎಂದಿನಂತಿದ್ದಳು, ಅವನ ಮುಖ ಮಾತ್ರ ಹಸಿ ಸಿಮೆಂಟಿನ ಬಣ್ಣಕ್ಕೆ ತಿರುಗಿತ್ತು. ಮೇಲೆ ಏನಿತ್ತೆಂದು ಹೆಂಗಸರು ಮುತ್ತಿಕೊಂಡು ಕೇಳಿದರು. ಏನೂ ಇರಲಿಲ್ಲ, ಆದರೆ ಈಕೆ ಕರೆದ ಮೇಲೆ ಇಡೀ ಕಟ್ಟಡ ಕಿವಿಗೊಟ್ಟು ಕೇಳಿಸಿಕೊಳ್ಳುವಂತಿತ್ತು ಎಂದ. ಮರುವಾರ ಗ್ಯಾಂಗಿಗೆ ಹೊಸ ಹೆಲ್ಮೆಟ್ಟು ತರಿಸಿದ. ಎಷ್ಟು ಎಂದು ಕೇಳುತ್ತೀರಾ? ಹನ್ನೆರಡು!

ಬಸ್ಸಿನ ಕಥೆಯನ್ನು ಹೇಳಿದರೆ ನೀವು ನಂಬುವುದಿಲ್ಲ. ಒಂದು ದಿನ ಗ್ಯಾಂಗಿನ ಟೆಂಪೊ ಕೆಟ್ಟು, ನಾವಿಬ್ಬರೂ ಪಣಜಿಯಿಂದ ಚಿಂಬಲ್‌ಗೆ ಬಸ್ಸು ಹತ್ತಿದೆವು. ದೊಡ್ಡವ್ವ ಮೂರು ಟಿಕೀಟು ಕೇಳಿದಳು. ಕಂಡಕ್ಟರ್ ನನ್ನನ್ನು ನೋಡಿದ, ಆಕೆಯನ್ನು ನೋಡಿದ, ಆಮೇಲೆ ನನ್ನ ಹಿಂದೆ ನೋಡಿದ. ಮೂರು ಟಿಕೀಟು ಹರಿದುಕೊಟ್ಟ. ಸಂಜೆಯ ಚಿಂಬಲ್ ಬಸ್ಸೆಂದರೆ ಗೊತ್ತಲ್ಲ, ಒಂದು ಕಾಲು ಒಳಗೆ, ಒಂದು ಕಾಲು ಹೊರಗೆ. ಅಂಥ ಬಸ್ಸಿನಲ್ಲಿ ನಮ್ಮ ಪಕ್ಕದ ಸೀಟು ಇಳಿಯುವವರೆಗೂ ಖಾಲಿ ಇತ್ತು. ಮೀನಿನ ಬುಟ್ಟಿ ಹೊತ್ತ ಒಬ್ಬ ಮುದುಕಿ ಕೂರಲು ಬಗ್ಗಿದವಳು, ಏನನಿಸಿತೋ, ಯಾರಿಗೋ ದಾರಿ ಬಿಡುವವಳಂತೆ ಸರಿದು ನಿಂತುಬಿಟ್ಟಳು.

ನನಗೆ ಸಾಕಾಗಿತ್ತು. ಭಯಕ್ಕಿಂತ ಹೆಚ್ಚು ನಾಚಿಕೆ. ಗೆಳತಿಯರು ಸೂಟು ತೊಟ್ಟ ಮ್ಯಾನೇಜರ ಬಗ್ಗೆ ಮಾತಾಡುವಾಗ ನಾನು ಗಾಳಿಯನ್ನು ಎಣಿಸುವ ಹೆಂಗಸಿನ ಬಗ್ಗೆ ಮಾತಾಡಬೇಕೇ? ಉಪಾಯ ಹೊಳೆಯಿತು. ನನ್ನ ಭಾಷಣಕ್ಕೆ ‘ಒಳ್ಳೆಯ ನಾಯಕಿ ಹೇಗಿರಬಾರದು’ ಎಂದು ಹೆಸರಿಟ್ಟೆ. ಕುರುಡು ನಂಬಿಕೆ, ಸಮಯ ಹಾಳುಮಾಡುವುದು, ಕೈಕೆಳಗಿನವರಲ್ಲಿ ಹೆದರಿಕೆ ಹುಟ್ಟಿಸುವುದು, ಹೀಗೆ ಆಕೆಯ ತಪ್ಪುಗಳನ್ನು ಮೂರು ಹಾಳೆ ತುಂಬ ಬರೆದೆ. ಬರೆಯುವಾಗ ಆಕೆ ನನ್ನ ಪಕ್ಕದಲ್ಲೇ ಕುಳಿತು, ಕಣ್ಣು ನೋಯುತ್ತದೆಂದು ನನಗೆ ದೀಪ ಸರಿಸಿ ಕೊಡುತ್ತಿದ್ದಳು. ಆಕೆಗೆ ಓದಲು ಬರುವುದಿಲ್ಲ. ಅದು ನೆನಪಾದರೆ ಈಗಲೂ ನನಗೆ ನನ್ನ ಮೇಲೆ ಅಸಹ್ಯವಾಗುತ್ತದೆ.

ಹದಿನಾಲ್ಕನೆಯ ದಿನ ಕಾಲೇಜಿಗೆ ರಜೆ ಇತ್ತು, ಮಧ್ಯಾಹ್ನದ ಊಟದ ಹೊತ್ತಿಗೇ ಸೈಟಿಗೆ ಹೋದೆ. ಗ್ಯಾಂಗಿನ ಹಿರಿಯಳು ಹುಸೇನಬಿ ಬುತ್ತಿ ಬಿಚ್ಚುತ್ತಿದ್ದಳು. ನಾಳೆ ಕಾಲೇಜಿನಲ್ಲಿ ದೊಡ್ಡವ್ವನ ಬಗ್ಗೆ ಮಾತಾಡಬೇಕು, ಈ ಹೊಸಾಕಿ ಯಾರು ಹೇಳು ಎಂದು ಕೇಳಿದೆ. ಹುಸೇನಬಿ ಸುತ್ತ ನೋಡಿ ದನಿ ತಗ್ಗಿಸಿದಳು.

ಕೆಲವು ವರ್ಷಗಳ ಹಿಂದಿನ ಮಾತಂತೆ. ಆಗಿನ ಇನ್ನೊಂದು ಕಟ್ಟಡದಲ್ಲಿ ಒಂದು ದಿನ ಕೆಲಸ ಹೆಚ್ಚಿತ್ತೆಂದು, ರಸ್ತೆ ಕೂಡುವ ನಾಕಾದಲ್ಲಿ ಕೂಲಿಗೆ ಕಾದು ನಿಂತಿದ್ದ ಒಬ್ಬ ಹುಡುಗಿಯನ್ನು ದೊಡ್ಡವ್ವ ಟೆಂಪೊ ಹತ್ತಿಸಿಕೊಂಡಳು. ಒಂದೇ ದಿನದ ಆಳು, ಹೆಸರು ಯಾರೂ ಕೇಳಲಿಲ್ಲ. ಏ ಹೊಸಾಕಿ ಬುಟ್ಟಿ ತಾ, ಏ ಹೊಸಾಕಿ ನೀರು ತಾ, ಇಷ್ಟೇ. ಸಂಜೆ ದೊಡ್ಡವ್ವ ರೂಢಿಯಂತೆ ಎಣಿಸಿದಳು. ಹನ್ನೊಂದಾಯಿತು. ದಿನಾ ಹನ್ನೊಂದೇ ಅಲ್ಲವೇ, ಲೆಕ್ಕ ಸರಿಯಾಯಿತೆಂದು ಟೆಂಪೊ ಹೊರಟಿತು.

“ಆಕಿ ಲಿಫ್ಟಿನ ಗುಂಡ್ಯಾಗ ಬಿದ್ದಿದ್ಲು,” ಎಂದಳು ಹುಸೇನಬಿ. “ಬೆಳಗಾನ ಒದರ್ಯಾಳ. ಮುಂಜಾನಿ ನಾವು ಹೋಗಿ ಎತ್ತೋದ್ರಾಗ ದನಿನ ಇರಲಿಲ್ಲ, ಬರೇ ತುಟಿ ಅಲ್ಲಾಡಸ್ತಿದ್ಲು.”

ಆಸ್ಪತ್ರೆಗೆ ಸೇರಿಸಿದರು. ನಾಲ್ಕನೆಯ ದಿನ ದೊಡ್ಡವ್ವ ಹಾಲು ತೆಗೆದುಕೊಂಡು ಹೋದರೆ ಆ ಮಂಚದಲ್ಲಿ ಬೇರೆ ಯಾರೋ ಇದ್ದರು. ಹುಡುಗಿ ಗುಣವಾಗಿ ಹೋದಳೋ, ಯಾರಾದರೂ ಕರೆದುಕೊಂಡು ಹೋದರೋ, ಇಲ್ಲ ಆಗಬಾರದ್ದೇ ಆಯಿತೋ? ವಿಚಾರಿಸಲು ಹೋದಲ್ಲೆಲ್ಲ ಮೊದಲು ಹೆಸರು ಕೇಳಿದರು. ದೊಡ್ಡವ್ವನ ಬಳಿ ಹೆಸರು ಇರಲಿಲ್ಲ. ಅಂದಿನಿಂದ ಆಕೆಯ ಎಣಿಕೆ ಹನ್ನೊಂದಕ್ಕೆ ನಿಂತಿಲ್ಲ.

ಮರುದಿನ ಸಭಾಂಗಣದಲ್ಲಿ ನನ್ನ ಸರದಿ ಬಂದಾಗ ಆ ಮೂರು ಹಾಳೆ ಕೈಯಲ್ಲೇ ಇದ್ದವು. ಬೇರೆ ಬರೆಯಲು ಮನಸ್ಸಿತ್ತು, ಕೈ ಬರಲಿಲ್ಲ. ತಲೆಯೆತ್ತಿದರೆ ಕೊನೆಯ ಸಾಲಿನಲ್ಲಿ, ಬಾಗಿಲ ಪಕ್ಕ, ದೊಡ್ಡವ್ವ! ನಾನು ಕರೆದಿರಲಿಲ್ಲ. ಹುಸೇನಬಿ ಹೇಳಿದ್ದಳು. ಅರ್ಧ ದಿನದ ಕೆಲಸ ಬಿಟ್ಟು, ಪೆಟ್ಟಿಗೆಯಲ್ಲಿದ್ದ ಇಳಕಲ್ ಸೀರೆ ಉಟ್ಟು, ಸೆರಗು ತಲೆಯ ಮೇಲೆ ಹೊದ್ದು ಕುಳಿತಿದ್ದಳು. ಪಕ್ಕದ ಕುರ್ಚಿಯ ಮೇಲೆ ಯಾರೂ ಕೂರದಂತೆ ಕೈ ಇಟ್ಟುಕೊಂಡಿದ್ದಳು.

ನಾನು ಬಾಯಿ ತೆರೆದೆ. ಏನೂ ಬರಲಿಲ್ಲ. ಬರೇ ತುಟಿ ಅಲ್ಲಾಡಿತು. ಯಾರೋ ಕಿಸಕ್ಕೆಂದರು. ಹಾಳೆಗಳನ್ನು ಅಲ್ಲೇ ಬಿಟ್ಟು ಪಕ್ಕದ ಬಾಗಿಲಿನಿಂದ ಓಡಿದೆ.

ಮೇಡಂ ದೊಡ್ಡ ಮನಸ್ಸು ಮಾಡಿ ಮುಂದಿನ ವಾರ ಇನ್ನೊಂದು ಅವಕಾಶ ಕೊಟ್ಟರು, ನಾನು ಹಾಳೆಯಿಲ್ಲದೆ ಹದಿನೈದು ನಿಮಿಷ ಮಾತಾಡಿದೆ, ಸಾಕು ಎಂದು ಅವರೇ ಗಂಟೆ ಬಾರಿಸಬೇಕಾಯಿತು. ಆ ಸರ್ಟಿಫಿಕೇಟು ಈಗ ಚಿಂಬಲ್‌ನ ಗೋಡೆಯ ಮೇಲಿದೆ. ಆದರೆ ನಾನು ಪಾಸಾದದ್ದು ಆ ವಾರವಲ್ಲ. ಓಡಿಹೋದ ದಿನವೇ.

ಕಾಲೇಜಿನ ನಾಲ್ಕು ಮಹಡಿ ಹತ್ತಿ, ಬೀಗ ಹಾಕಿದ ತಾರಸಿಯ ಬಾಗಿಲಿಗೆ ಒರಗಿ ಮುಖ ಮುಚ್ಚಿ ಕುಳಿತಿದ್ದೆ. ಕೆಳಗೆ ಚಪ್ಪಾಳೆ ಕೇಳಿಸಿತು, ಆಮೇಲೆ ಕುರ್ಚಿ ಸರಿಸುವ ಸದ್ದು, ಆಮೇಲೆ ಏನೂ ಇಲ್ಲ. ಕಾರಿಡಾರಿನ ಫ್ಯಾನುಗಳು ನಿಂತವು. ಬಿಸಿಲಿನ್ನೂ ಇತ್ತು, ಆದರೂ ಖಾಲಿ ಕಟ್ಟಡ ಉಸಿರು ಹಿಡಿದು ಕುಳಿತಂತಿತ್ತು. ಎಲ್ಲರೂ ಹೋದರು, ಯಾರಿಗೂ ನನ್ನ ನೆನಪಿಲ್ಲ ಅಂದುಕೊಂಡೆ. ಸಭಾಂಗಣದ ಒಳಗೆ ಹೋದವರನ್ನು ಬಾಗಿಲಲ್ಲಿ ಕುಳಿತು ಒಬ್ಬಳು ಎಣಿಸಿಟ್ಟುಕೊಂಡಿದ್ದಾಳೆ, ಹೊರಗೆ ಬಂದವರನ್ನೂ ಎಣಿಸುತ್ತಾಳೆ ಎಂಬುದು ಹೊಳೆಯಲೇ ಇಲ್ಲ.

ಮೊದಲ ಮಹಡಿಯಿಂದ ದನಿ ಬಂತು. ನನ್ನ ಹೆಸರು ಕರೆದಳು. ಎರಡನೆಯದರಲ್ಲಿ ಮತ್ತೆ ನನ್ನ ಹೆಸರು. ಮೂರನೆಯದಕ್ಕೆ ಬರುವಷ್ಟರಲ್ಲಿ ಖಾಲಿ ಮೆಟ್ಟಿಲು, ಖಾಲಿ ಕೋಣೆ ಆಕೆಯ ನಾಲಿಗೆಯನ್ನು ಹಳೆಯ ರೂಢಿಗೆ ಎಳೆದುಬಿಟ್ಟಿರಬೇಕು.

“ಏ ಹೊಸಾಕಿ, ಹೊತ್ತಾತು, ಕೆಳಗ ಬಾರವ್ವಾ. ಇದ್ದರ ಓ ಅನ್ನು.”

ಹದಿನಾಲ್ಕು ದಿನ ಈ ಕರೆಯನ್ನು ನಾನು ಕೆಳಗೆ ನಿಂತು ಕೇಳಿದ್ದೆ, ಬಾಯಿ ಮುಚ್ಚಿಕೊಂಡು ಹೆದರಿದ್ದೆ. ಮೇಲೆ ಕುಳಿತು ಕೇಳಿದವಳು ನಾನೊಬ್ಬಳೇ. ಮೇಲಿನಿಂದ ಅದು ಹೆದರಿಕೆಯ ದನಿಯೇ ಅಲ್ಲ. ಬೆಳಗಿನವರೆಗೆ ಒದರಿದ ಆ ಹುಡುಗಿ ಕಾದದ್ದು ಇದೊಂದೇ ದನಿಗೆ ಅಂದುಕೊಂಡಾಗ ನನಗೆ ಅಳು ತಡೆಯಲಾಗಲಿಲ್ಲ. ಓ ಅಂದವರು ಆಕೆಯ ಜಾಗಕ್ಕೆ ಹೋಗಬೇಕು ಎಂದು ಹೆಂಗಸರು ಹೇಳಿದ್ದು ನೆನಪಾಯಿತು. ಹೋದರೆ ಹೋದೆ.

“ಓ,” ಎಂದೆ.

ನನ್ನ ದನಿ ಅಷ್ಟು ದೊಡ್ಡದಿದೆ ಎಂದು ನನಗೇ ಗೊತ್ತಿರಲಿಲ್ಲ. ನಾಲ್ಕೂ ಮಹಡಿಗೆ ಕೇಳುವಂತೆ ಅದು ಇಳಿದುಹೋಯಿತು. ಕೆಳಗೆ ಹೆಜ್ಜೆ ನಿಂತವು. ಕಂಬಿಯ ಸಂದಿಯಿಂದ ನೋಡಿದರೆ ದೊಡ್ಡವ್ವ ಮೆಟ್ಟಿಲ ಮೇಲೆ ಕುಸಿದು ಕುಳಿತು, ಕತ್ತು ಮೇಲೆತ್ತಿದ್ದಳು. ತಲೆಯ ಸೆರಗು ಜಾರಿತ್ತು.

“ಇಷ್ಟು ವರ್ಸ ಎಲ್ಲಿದ್ದಿ ನನ್ನವ್ವಾ?” ಎಂದಳು.

ಓ ಅಂದದ್ದು ಹೊಸಾಕಿಯಲ್ಲ, ನಾನು ಎಂದು ಹೇಳಲು ನನಗೆ ಮನಸ್ಸಾಗಲಿಲ್ಲ.

“ಇಲ್ಲೇ ಅದೀನ್ರಿ,” ಎಂದೆ. “ಬರಾಕತ್ತೇನಿ.”