ಅಳಿಯಂದಿರ ಕೆನ್ನೆ

ಈ ಸಲ ಯುಗಾದಿಗೆ ಹರಿಹರಕ್ಕೆ ಹೋದಾಗ ಮಾವನ ಬಾಯಿಗೆ ಬೀಗ ಜಡಿದೇ ಬರುವುದೆಂದು ತಿಮ್ಮೇಶ್ ಕನ್ನಡಿಯ ಮುಂದೆ ನಿಂತು ಪಣ ತೊಟ್ಟ. ಮದುವೆಯಾದಾಗಿನಿಂದ ಅದೇ ಗೋಳು. ಅಳಿಯ ಹೊಸಿಲು ದಾಟುವ ಮುಂಚೆಯೇ ಮಾವ ಜಂಬಯ್ಯನವರು ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಮಗಳ ಕಡೆ ತಿರುಗಿ, "ಯಾಕವ್ವ ಲತಾ, ಅಳಿಯಂದಿರಿಗೆ ಊಟ ಹಾಕಲ್ಲೇನು?" ಎನ್ನುತ್ತಿದ್ದರು. ತಿಮ್ಮೇಶ್ ಕಡ್ಡಿಯಂತಿದ್ದದ್ದು ನಿಜ. ಆದರೆ ಏಟು ಬೀಳುತ್ತಿದ್ದದ್ದು ಲತಾಳ ಅಡುಗೆಗೆ! ವಾಪಸಾಗುವ ಬಸ್ಸಿನಲ್ಲಿ ಅವಳು ಕಿಟಕಿಯ ಕಡೆ ಮುಖ ತಿರುಗಿಸಿ ಕೂತರೆ, ದಾವಣಗೆರೆ ಸರಸ್ವತಿ ನಗರದ ಮನೆಯ ಬೀಗ ತೆಗೆಯುವ ತನಕ ಮಾತಿಲ್ಲ.

ಅಂಥವನ ಕೈಗೆ ಬ್ರಹ್ಮಾಸ್ತ್ರ ಸಿಕ್ಕಿತು. ಸಂಕ್ರಾಂತಿಯ ಚಳಿಗೆ ಉಬ್ಬಸ ಬಂದು, ಡಾಕ್ಟರು ಒಂದು ವಾರಕ್ಕೆಂದು ಪುಟ್ಟ ಬಿಳಿ ಸ್ಟೀರಾಯ್ಡ್ ಮಾತ್ರೆ ಬರೆದುಕೊಟ್ಟರು. ಉಬ್ಬಸ ಹೋಯಿತು, ಹಸಿವು ಬಂತು. ಎಂಥ ಹಸಿವು! ಮಧ್ಯಾಹ್ನದ ಡಬ್ಬಿ ಹನ್ನೊಂದಕ್ಕೇ ಖಾಲಿ. ಸಂಜೆ ಮಂಡಕ್ಕಿ ಅಂಗಡಿಯವನು ಇವನ ತಲೆ ಕಂಡೊಡನೆ ಮೆಣಸಿನಕಾಯಿ ಎಣ್ಣೆಗೆ ಬಿಡುತ್ತಿದ್ದ. ವಾರ ಕಳೆಯುವಷ್ಟರಲ್ಲಿ ಆಫೀಸಿನ ಚೌಡೇಶ್, "ಮುಖಕ್ಕೆ ಕಳೆ ಬಂದೈತೆ ಕಣಪ್ಪ" ಅಂದುಬಿಟ್ಟ. ಡಾಕ್ಟರು ಇನ್ನು ಸಾಕು ಎಂದರು. ತಿಮ್ಮೇಶನಿಗೆ ಎಲ್ಲಿ ಸಾಕು? ಹಳೇ ಚೀಟಿಯನ್ನೇ ಹಿಡಿದು ಇವತ್ತು ಈ ಅಂಗಡಿ, ನಾಳೆ ಆ ಅಂಗಡಿ ಎಂದು ಸುತ್ತಿ ಮಾತ್ರೆ ತಂದ. ಡಾಕ್ಟರೇ ಮುಂದುವರಿಸಲು ಹೇಳಿದ್ದಾರೆಂದು ಹೆಂಡತಿಗೆ ಸುಳ್ಳು ಬಿಟ್ಟ.

ಯುಗಾದಿ ಬರುವ ಹೊತ್ತಿಗೆ ಮುಖ ಹುಣ್ಣಿಮೆಯಾಗಿತ್ತು. ಕೈಕಾಲು ಮಾತ್ರ ಹಾಗೇ ಇದ್ದವು, ಕೋಲಿನ ಮೇಲೆ ಕುಂಬಳಕಾಯಿ ಇಟ್ಟಂತೆ! ನಿದ್ದೆಯಂತೂ ಹೇಳದೇ ಕೇಳದೇ ಹೊರಟುಹೋಗಿತ್ತು. ಹಾಲಿನವನು ಬರುವ ಮುಂಚೆಯೇ ಎದ್ದು ಅಟ್ಟದ ಪಾತ್ರೆಗಳನ್ನೆಲ್ಲ ಇಳಿಸಿ ಉಜ್ಜುತ್ತಿದ್ದ. ಗಂಡನೆಂದರೆ ಹೀಗಿರಬೇಕೆಂದು ಪಕ್ಕದ ಮನೆಯವರು ಹೊಟ್ಟೆಕಿಚ್ಚು ಪಟ್ಟರು.

ಹರಿಹರದಲ್ಲಿ ಜಂಬಯ್ಯನವರು ಬಾಗಿಲಲ್ಲಿ ನಿಂತು ನೋಡಿದರು. ಬಾಯಿ ತೆರೆದರು, ಮುಚ್ಚಿದರು. ಲತಾ ಸೆರಗು ಸರಿಪಡಿಸಿಕೊಂಡು ಮಹಾರಾಣಿಯಂತೆ ಒಳಗೆ ನಡೆದಳು. ಊಟಕ್ಕೆ ಮಾವ ತಾವೇ ನಿಂತು ಹೋಳಿಗೆ ಬಡಿಸಿದರು. ಅಳಿಯ ತಿಂದ, ಇನ್ನೂ ತಿಂದ, ಅತ್ತೆ ಉಚ್ಚೆಂಗೆಮ್ಮ ತಮಗೆಂದು ಎತ್ತಿಟ್ಟಿದ್ದನ್ನೂ ತಿಂದ.

ಆದರೆ ಆ ಮನೆಯದೊಂದು ಪದ್ಧತಿ ಇತ್ತು. ಜಂಬಯ್ಯನವರಿಗೆ ಸಕ್ಕರೆ ಕಾಯಿಲೆ ಬಂದಂದಿನಿಂದ, ಊಟವಾದ ನೆಂಟರಿಗೆ ಎಲೆಅಡಿಕೆಯ ತಟ್ಟೆಯಲ್ಲೇ ಸಕ್ಕರೆ ನೋಡುವ ಮಷೀನೂ ಬರುತ್ತಿತ್ತು. ಚುಚ್ಚಿಸಿಕೊಳ್ಳದೆ ಎದ್ದರೆ ಅವರಿಗೆ ಅವಮಾನ! ತಿಮ್ಮೇಶ್ ವೀರನಂತೆ ಬೆರಳು ಚಾಚಿದ. ಅಂಕಿ ನೋಡಿದ ಮಾವ ಕನ್ನಡಕ ಒರೆಸಿಕೊಂಡು ಇನ್ನೊಂದು ಬೆರಳಿಗೆ ಚುಚ್ಚಿದರು. ಆಗಲೂ ಅಂಕಿ ನಾನೂರರ ಹತ್ತಿರವೇ ನಿಂತಿತು. ಅತ್ತೆ ಗೋಳೋ ಎಂದರು. ಮಾವ ಮಗಳ ಕಡೆ ತಿರುಗಿದರು.

"ಏನವ್ವ, ಹಿಂಗಾ ಊಟ ಹಾಕೋದು?"

ಲತಾಳ ಕಣ್ಣು ತುಂಬಿ ಬಂತು. ಹಾಕದಿದ್ದರೂ ಅವಳದೇ ತಪ್ಪು, ಹಾಕಿದರೂ ಅವಳದೇ! ತಿಮ್ಮೇಶ್ ಜೇಬಿನಿಂದ ಮಾತ್ರೆಯ ಪಟ್ಟಿ ತೆಗೆದು ಎಲ್ಲರ ಮುಂದೆ ಇಟ್ಟು, ಇದ್ದದ್ದನ್ನೆಲ್ಲ ಒಪ್ಪಿಕೊಂಡ. ಮರುಗಳಿಗೆಯೇ ತ್ಯಾಗದ ಆವೇಶ ಬಂದು, ಇನ್ನು ಜನ್ಮದಲ್ಲಿ ಮುಟ್ಟುವುದಿಲ್ಲವೆಂದು ಅದನ್ನು ಚರಂಡಿಗೆ ಎಸೆಯಲು ಎದ್ದ. ಲತಾ ಅವನ ಕೈ ಹಿಡಿದಳು.

"ತಗೊಳ್ಳೋವಾಗಂತೂ ಡಾಕ್ಟರನ್ನ ಕೇಳ್ಲಿಲ್ಲ. ಬಿಡೋವಾಗಾದ್ರೂ ಕೇಳ್ರಿ."

ಕೇಳಿದ್ದು ಒಳ್ಳೆಯದಾಯಿತು. ಮಾರನೇ ದಿನ ಡಾಕ್ಟರು ರಕ್ತ ಪರೀಕ್ಷೆ ಮಾಡಿಸಿ, ಬಿ.ಪಿ. ನೋಡಿ, ಮನಸಾರೆ ಬೈದರು. ಈ ಔಷಧ ಮಾಡುವ ಕೆಲಸವನ್ನು ಮೈ ತಾನೇ ಮಾಡಿಕೊಳ್ಳುತ್ತದಂತೆ. ಮಾತ್ರೆ ಹೊರಗಿನಿಂದ ಬಂದು ಬೀಳತೊಡಗಿದ್ದರಿಂದ ಮೈ ರಜೆ ಹಾಕಿ ಮಲಗಿಬಿಟ್ಟಿದೆಯಂತೆ. ಒಮ್ಮೆಲೇ ನಿಲ್ಲಿಸಿದರೆ ತಲೆಸುತ್ತು, ವಾಂತಿ ಬಂದು ಆಸಾಮಿ ಕುಸಿದುಬೀಳಬಹುದು. ಮೈಯನ್ನು ಮೆಲ್ಲಗೆ ಎಬ್ಬಿಸಬೇಕು, ಮಾತ್ರೆಯನ್ನು ಮೆಲ್ಲಗೆ ಇಳಿಸಬೇಕು.

ಅಲ್ಲಿಗೆ ತಿಮ್ಮೇಶನ ಸ್ವಾತಂತ್ರ್ಯ ಮುಗಿಯಿತು. ಮಾತ್ರೆಗಳು ಸಾಸಿವೆ ಡಬ್ಬಿಯ ಪಕ್ಕ ಲತಾಳ ಸುಪರ್ದಿಗೆ ಹೋದವು. ತಿಂಡಿಯಾದ ಮೇಲೆ ಅವಳೇ ಎಣಿಸಿ ಕೈಗಿಡುವಳು. ಡಾಕ್ಟರು ಹೇಳಿದಂತೆ ಮೊದಲು ಒಂದು, ಆಮೇಲೆ ಅರ್ಧ, ಆಮೇಲೆ ಅರ್ಧದ ಅರ್ಧ, ಕೊನೆಗೆ ಒಂದೂ ಇಲ್ಲ. ಸಕ್ಕರೆ ಇಳಿಯಿತು, ನಿದ್ದೆ ಬಂತು, ಕೆನ್ನೆ ಕರಗಿತು. ಅಟ್ಟದ ಪಾತ್ರೆಗಳಿಗೆ ಮತ್ತೆ ಧೂಳು ಕೂತಿತು. ಪಕ್ಕದ ಮನೆಯವರಿಗೆ ಸಮಾಧಾನವಾಯಿತು.

ನಾಗರ ಪಂಚಮಿಗೆ ಮತ್ತೆ ಹರಿಹರ. ಜಂಬಯ್ಯನವರು ಈ ಸಲ ಊಟಕ್ಕೆ ಮೊದಲೂ ಚುಚ್ಚಿದರು, ಆಮೇಲೂ ಚುಚ್ಚಿದರು. ಅಂಕಿ ಎರಡೂ ಸಲ ಸಾಧು ಹಸುವಿನಂತಿತ್ತು. ಮಾವನ ಮುಖ ಅರಳಿತು. ಉಂಡೆಯ ಡಬ್ಬಿಯನ್ನೇ ತಂದು ಮುಂದಿಟ್ಟು, "ತಿನ್ರಿ ಅಳಿಯಂದಿರೇ, ಇವತ್ತು ಯಾರೂ ಬ್ಯಾಡ ಅನ್ನಲ್ಲ" ಎಂದರು.

ತಿಮ್ಮೇಶ್ ಒಂದು ಉಂಡೆ ಮುರಿದ. ಅರ್ಧಕ್ಕೇ ಹೊಟ್ಟೆ ತುಂಬಿತು! ಹಾಳು ಹಸಿವೂ ಮಾತ್ರೆಯ ಜೊತೆಗೇ ಹೋಗಿತ್ತು. ಉಳಿದ ಅರ್ಧವನ್ನು ಮೆಲ್ಲಗೆ ತಟ್ಟೆಯ ಅಂಚಿಗೆ ಸರಿಸಿದ. ಜಂಬಯ್ಯನವರು ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಮಗಳ ಕಡೆ ತಿರುಗಿದರು. ಅವರು ಬಾಯಿ ತೆರೆಯುವ ಮೊದಲೇ ಲತಾ ನಗುತ್ತ ಅಂದಳು:

"ಹಾಕ್ತೀನಪ್ಪ. ಈಗ ಬರೀ ಊಟಾನೇ ಹಾಕ್ತೀನಿ."