ಓಡುವ ಲೇತಿನ ವಿಡಿಯೊ

ಮಡಿವಾಳಪ್ಪ: ಹದಿನೇಳೂ ಒಂದೇ ಸಲಕ್ಕಾ? ಸುಮ್ನಿರಮ್ಮ. ನಮ್ಮಲ್ಲಿ ಒಂದು ಬೇರಿಂಗ್ ಬದಲಾಯಿಸೋಕೆ ಅರ್ಧ ದಿನ ಬೇಕು.

ಊರ್ಮಿಳಾ: ಇದು ಬೇರಿಂಗ್ ಅಲ್ಲ ಸಾರ್, ವಿಡಿಯೊ. ಹಳೇ ಕ್ಲಿಪ್‌ಗಳ ಹೆಸರನ್ನೇ ಹೊಸದಕ್ಕೂ ಇಟ್ಟಿದ್ದೀನಿ. ಒಂದ್ಸಲ ಒತ್ತಿದ್ರೆ ಸಾಕು, ಹಳೇದು ಇದ್ದ ಜಾಗಕ್ಕೆಲ್ಲ ಹೊಸದು ಬಂದು ಕೂರುತ್ತೆ.

ಮಡಿವಾಳಪ್ಪ: ಕೂತಿದ್ದೆಲ್ಲ ಸಾಕಮ್ಮ, ಇನ್ನು ಓಡ್ಬೇಕು!

೧೯೯೮ರ ನವೆಂಬರ್. ಪೀಣ್ಯದ ಒಂದು ಮಹಡಿಯ ಮೇಲಿನ ವಿಡಿಯೊ ಸ್ಟುಡಿಯೊ. ಕಂಪ್ಯೂಟರಿನ ಮುಂದೆ ಕುಳಿತ ಊರ್ಮಿಳಾ ಅಲ್ಲಿಯ ಎಡಿಟರ್. ಮಡಿವಾಳಪ್ಪನವರು ಮಾಕಳಿಯಲ್ಲಿ ಕಬ್ಬಿಣ ಕಡೆಯುವ ಲೇತು ಯಂತ್ರಗಳನ್ನು ತಯಾರಿಸುವ ಕಾರ್ಖಾನೆಯ ಮಾಲೀಕರು. ನಾಳೆ ವಸ್ತುಪ್ರದರ್ಶನದ ಮಳಿಗೆಯಲ್ಲಿ ಕೊಳ್ಳುವವರಿಗೆ ಈ ವಿಡಿಯೊ ತೋರಿಸಬೇಕು. ಮೊದಲ ಸಲ ಚಿತ್ರೀಕರಣ ಮಾಡಿಸಿದ್ದು ಆಯುಧಪೂಜೆಯ ದಿನ. ಯಂತ್ರಗಳಿಗೆ ಅಂದಿನಷ್ಟು ಅಲಂಕಾರ ಬೇರೆ ದಿನ ಇರುವುದಿಲ್ಲ. ಪೂಜೆಗಿಟ್ಟ ಯಂತ್ರವನ್ನು ಅಂದು ಓಡಿಸುವುದೂ ಇಲ್ಲ ಎಂಬುದು ಮಾತ್ರ ಯಾರಿಗೂ ಹೊಳೆಯಲಿಲ್ಲ.

ಸೊಣ್ಣಪ್ಪ (ಕಾರ್ಖಾನೆಯ ಫೋರ್‌ಮನ್): ಆ ವಿಡಿಯೊನ ಪುಣೆ ಗಿರಾಕಿಗಳು ನೋಡ್ಬುಟ್ಟು ಏನಂದ್ರು ಗೊತ್ತಾ ಮೇಡಂ? ‘ಫ್ಯಾಕ್ಟ್ರೀಲಿ ಸ್ಟ್ರೈಕಾ?’ ಅಂದ್ರು.

ಮಡಿವಾಳಪ್ಪ: ಅದನ್ನ ಪೀಣ್ಯಕ್ಕೆಲ್ಲ ಸಾರ್ಬೇಡ್ವೋ! ಅದಕ್ಕೇ ತಾನೆ ಮೊನ್ನೆ ಹದಿನೇಳು ಲೇತೂ ಓಡಿಸಿ ಮತ್ತೆ ಶೂಟಿಂಗ್ ಮಾಡ್ಸಿದ್ದು? ಒತ್ತಮ್ಮ, ನೋಡೇಬಿಡೋಣ.

ಊರ್ಮಿಳಾ ಒತ್ತಿದಳು. ಪರದೆಯ ಮೇಲೆ ಹೊಸ ಸೂಟು ತೊಟ್ಟ ಮಡಿವಾಳಪ್ಪನವರು ಬಂದರು. ಮೊದಲ ಲೇತಿಗೆ ವಿಭೂತಿ ಹಚ್ಚಿ, ಕಣ್ಣು ಮುಚ್ಚಿ ಕೈಮುಗಿದು, ಸ್ವಿಚ್ಚಿನತ್ತ ಕೈ ಚಾಚಿದರು. ಅಷ್ಟರಲ್ಲಿ ಎರಡನೆಯ ಲೇತು ಬಂತು. ಮತ್ತೆ ವಿಭೂತಿ, ಮತ್ತೆ ನಮಸ್ಕಾರ. ಮೂರನೆಯದೂ ಹಾಗೆಯೇ.

ಸೊಣ್ಣಪ್ಪ: ಏಳು... ಎಂಟು... ಸಾರ್, ಬರೀ ನೀವೇ!

ಮಡಿವಾಳಪ್ಪ: ಸ್ವಿಚ್ ಹಾಕೋಕೂ ಬಿಡಲ್ವಲ್ಲಮ್ಮ ನಿನ್ನ ಕಂಪ್ಯೂಟರು! ಮಿಷನ್ ಓಡಿದ್ದೆಲ್ಲಿ?

ಊರ್ಮಿಳಾ: ಹಳೇ ಕ್ಲಿಪ್ ಒಂದೊಂದೂ ಆರೇ ಸೆಕೆಂಡ್ ಇತ್ತು ಸಾರ್. ಆ ಜಾಗಕ್ಕೆ ಹೊಸದರ ಮೊದಲ ಆರು ಸೆಕೆಂಡ್ ಬಂದಿದೆ. ಆ ಆರು ಸೆಕೆಂಡೂ ನೀವು ಕೈ ಮುಗೀತಾನೇ ಇದ್ದೀರಿ.

ಮಡಿವಾಳಪ್ಪ: ಮುಗೀದೆ ಸ್ವಿಚ್ ಹಾಕಕ್ಕಾಗುತ್ತಾ?

ಊರ್ಮಿಳಾ: ಒಂದಕ್ಕೆ ಮುಗಿದಿದ್ರೆ ಸಾಲ್ತಿರ್ಲಿಲ್ವಾ?

ಸೊಣ್ಣಪ್ಪ: ಅದೆಂಗಾಯ್ತದೆ ಮೇಡಂ? ಮಿಕ್ಕ ಹದಿನಾರು ಮುನಿಸ್ಕೊತವೆ. ಐದ್ನೇದಕ್ಕಂತೂ ಮೂಗಿನ ತುದೀಲೇ ಕೋಪ.

ಊರ್ಮಿಳಾ: ಸರಿ, ಸ್ವಿಚ್ ಹಾಕಿದ ಮೇಲಿಂದ ಶುರುವಾಗೋ ಹಾಗೆ ಗುರುತು ಮಾಡಿ, ಹದಿನೇಳನ್ನೂ ಇನ್ನೊಂದ್ಸಲ ಬದಲಾಯಿಸ್ತೀನಿ. ಕೈ ಮುಗಿಯೋದು ಹೋಗುತ್ತೆ.

ಮಡಿವಾಳಪ್ಪ: ಹೋಗ್ಲಿ! ಮಿಷನ್ ಓಡ್ಲಿ!

ಹತ್ತು ನಿಮಿಷದಲ್ಲಿ ಲೇತುಗಳು ಓಡಿದವು. ಒಂದಾದ ಮೇಲೊಂದು ಗರಗರ ತಿರುಗಿ, ಕಬ್ಬಿಣದ ಸುರುಳಿಗಳನ್ನು ಉಗುಳಿದವು. ಸೊಣ್ಣಪ್ಪ ಎದ್ದು ನಿಂತು ಚಪ್ಪಾಳೆ ತಟ್ಟಿದ. ಮಡಿವಾಳಪ್ಪನವರು ಕುರ್ಚಿಯಲ್ಲೇ ಕುಣಿದು, ಎಲ್ಲರಿಗೂ ಬೋಂಡಾ ತರಿಸುವುದಾಗಿ ಘೋಷಿಸಿದರು. ಹದಿನೇಳನೆಯ ಲೇತು ಬರುವ ಹೊತ್ತಿಗೆ ಅವರ ಕುಣಿತ ನಿಂತಿತ್ತು.

ಮಡಿವಾಳಪ್ಪ: ನಾನೆಲ್ಲಿ?

ಊರ್ಮಿಳಾ: ಸ್ವಿಚ್ ಹಾಕಿದ್ಮೇಲೆ ಪಕ್ಕಕ್ಕೆ ಹೋಗ್ಬಿಟ್ರಲ್ಲ ಸಾರ್.

ಮಡಿವಾಳಪ್ಪ: ಹದಿನೇಳರಲ್ಲೂ?

ಸೊಣ್ಣಪ್ಪ: ಒಂಬತ್ನೇದ್ರಲ್ಲಿ ನಿಮ್ಮ ಮೊಣಕೈ ಐತೆ ಸಾರ್.

ಮಡಿವಾಳಪ್ಪ: ಮೊಣಕೈ ತೋರ್ಸೋಕೆ ಸೂಟು ಹೊಲಿಸಿದ್ನೇನೋ? ನಾಳೆ ನಮ್ಮ ಮನೆಯವರು ತವರಿನವರನ್ನೆಲ್ಲ ಕರ್ಕೊಂಡು ಬರ್ತಿದ್ದಾರೆ! ನಾನು ಕೈ ಮುಗಿಯೋದನ್ನೇ ವಾಪಸ್ ಹಾಕಮ್ಮ.

ಊರ್ಮಿಳಾ: ಒಂದು ಲೇತಿನ ಹತ್ರ ನೀವಿರಿ ಸಾರ್. ಮಿಕ್ಕಿದ್ದು ಓಡ್ಲಿ.

ಮಡಿವಾಳಪ್ಪ: ಒಂದಕ್ಕೆ ಕೈ ಮುಗಿದು ಹದಿನಾರನ್ನ ಎದುರು ಹಾಕ್ಕೊಳ್ಳಲಾ?

ಊರ್ಮಿಳಾ: ನಿಂತ ಮಿಷನ್ ನೋಡಿ ಮಾಕಳಿವರೆಗೂ ಯಾರು ಸಾರ್ ಬರ್ತಾರೆ?

ಮಡಿವಾಳಪ್ಪ: ಬಂದೇ ಬರ್ತಾರೆ. ಓಡೋದನ್ನೂ ಇಲ್ಲೇ ತೋರಿಸ್ಬಿಟ್ರೆ ಅಷ್ಟು ದೂರ ಯಾಕಮ್ಮ ಬರ್ತಾರೆ?