ಮಗಳ ಬುತ್ತಿಯಲ್ಲಿ ರಾಕೆಟ್ಟು

ನಾನು ಓದು ನಿಲ್ಲಿಸಿದ್ದು 1998ರಲ್ಲಿ, ಎಂಟನೇ ಕ್ಲಾಸಿನಲ್ಲಿ. ನಿಜ ಹೇಳಬೇಕೆಂದರೆ ಓದು ನನ್ನನ್ನು ಅದಕ್ಕೂ ಎರಡು ವರ್ಷ ಮೊದಲೇ ಬಿಟ್ಟಿತ್ತು. ಒಬ್ಬರಿಗೊಬ್ಬರು ಹೇಳಿಕೊಂಡಿರಲಿಲ್ಲ, ಅಷ್ಟೆ. ಕುಂದಾಪುರದ ಕಡೆಯವನು ರೈಲು ಹತ್ತಿ ಕೊಚ್ಚಿಯ ಎರ್ನಾಕುಳಕ್ಕೆ ಬಂದು ಮೊದಲು ಹಿಟ್ಟು ರುಬ್ಬಿದೆ, ಆಮೇಲೆ ಇಡ್ಲಿ ಬೇಯಿಸಿದೆ, ಆಮೇಲೆ ದೋಸೆ ಕಲ್ಲಿನ ಮುಂದೆ ಹನ್ನೊಂದು ವರ್ಷ ನಿಂತೆ. ಯಾರೂ ಅಯ್ಯೋ ಪಾಪ ಅನ್ನಲಿ ಎಂದು ಇದನ್ನು ಹೇಳುತ್ತಿಲ್ಲ. ಓದಿದವರ ಮನೆಯಲ್ಲಿ ಗೋಡೆಯ ಮೇಲೆ ಸರ್ಟಿಫಿಕೇಟು ಇರುತ್ತದೆ. ನನ್ನ ಸರ್ಟಿಫಿಕೇಟು ತಟ್ಟೆ. ನನ್ನ ಹೋಟೆಲಿನಲ್ಲಿ ತಟ್ಟೆ ಖಾಲಿಯಾಗಿ ಒಳಗೆ ಬರುತ್ತದೆ. ಅಪರೂಪಕ್ಕೆ ಅರ್ಧ ದೋಸೆ ತಿರುಗಿ ಬಂತೆಂದರೆ ಕೈ ಒರೆಸಿಕೊಂಡು ಹೊರಗೆ ಹೋಗಿ, ಆ ಗಿರಾಕಿಯ ಮುಂದೆ ನಿಂತು, ಮೈಯಲ್ಲಿ ಹುಷಾರಿಲ್ಲವೇ ಎಂದು ವಿಚಾರಿಸುತ್ತೇನೆ. ದೋಸೆಯದೇ ತಪ್ಪಿರಬಹುದು ಎಂಬ ಯೋಚನೆ ನನಗೆ ಇಂದಿನವರೆಗೂ ಬಂದಿಲ್ಲ.

ಈಗ ನನ್ನ ಹೋಟೆಲು ಇರುವುದು ತಿರುವನಂತಪುರದ ಕಳಕ್ಕೂಟಂನಲ್ಲಿ. ಕೊಚ್ಚಿಯನ್ನು ಬಿಟ್ಟು ಇಲ್ಲಿಗೆ ಬಂದದ್ದು ಹೆಂಡತಿಯ ವರ್ಗಾವಣೆಯ ದೆಸೆಯಿಂದ. ಸುಮಿತ್ರಾ ನನ್ನ ಸೋದರಮಾವನ ಮಗಳು, ಬಿಕಾಂ ಮಾಡಿದವಳು, ಕೇಂದ್ರ ಸರ್ಕಾರದ ಒಂದು ಕಚೇರಿಯಲ್ಲಿ ಗುಮಾಸ್ತೆ. ಅವಳನ್ನು ಸರ್ಕಾರ ಎತ್ತಿ ಇಲ್ಲಿ ಇಟ್ಟಿತು. ನಾನು ದೋಸೆ ಕಲ್ಲನ್ನು ಎತ್ತಿಕೊಂಡು ಹಿಂದೆ ಬಂದೆ. ನಮಗೆ ಒಬ್ಬಳೇ ಮಗಳು, ಸಿರಿ, ಐದು ವರ್ಷ, ಯುಕೆಜಿ. ನಾವು ಕುಂದಾಪುರದ ಕನ್ನಡದಲ್ಲಿ ಕೇಳಿದರೆ ಅವಳಿಗೆ ಎಲ್ಲವೂ ಅರ್ಥವಾಗುತ್ತದೆ, ಉತ್ತರ ಮಾತ್ರ ಮಲಯಾಳದಲ್ಲಿ ಬರುತ್ತದೆ. ಅದರಲ್ಲೂ ಒಂದೇ ಪದ ಹೆಚ್ಚು: “ವೇಂಡ.” ಬೇಡ ಎಂದರ್ಥ. ಇಡ್ಲಿ ವೇಂಡ, ದೋಸೆ ವೇಂಡ, ಚಿತ್ರಾನ್ನ ತೀರಾ ವೇಂಡ. ಹತ್ತಿರದ ಐಟಿ ಪಾರ್ಕಿನ ಹುಡುಗರು ನನ್ನ ಹೋಟೆಲಿನಲ್ಲಿ ಸಾಲುಗಟ್ಟಿ ನಿಂತು ತಿನ್ನುವ ಪದಾರ್ಥಗಳು ಇವೇ. ಅವಳ ಬುತ್ತಿ ಡಬ್ಬಿ ಬೆಳಿಗ್ಗೆ ಹೇಗೆ ಹೋಯಿತೋ ಸಂಜೆ ಹಾಗೇ ಬರುತ್ತಿತ್ತು. ನಾಲ್ಕು ಇಡ್ಲಿ ಹೋದರೆ ನಾಲ್ಕೂ ಬರುತ್ತಿದ್ದವು, ಸ್ವಲ್ಪ ಬೆವರಿಕೊಂಡು.

“ಊರಿನವ್ರ್ ಹೊಟ್ಟಿ ಎಲ್ಲಾ ತುಂಬ್ಸುಕೆ ಆತ್ತ್, ಮನಿ ಹೆಣ್ಣಿನ್ ಹೊಟ್ಟಿ ಒಂದ್ ತುಂಬ್ಸುಕೆ ಆತಿಲ್ಲ ಕಾಣಿ,” ಎಂದಳು ಸುಮಿತ್ರಾ ಡಬ್ಬಿ ತೊಳೆಯುತ್ತಾ. ತೊಳೆಯುವುದಕ್ಕೆ ಅದರಲ್ಲಿ ಏನೂ ಇರಲಿಲ್ಲ. ನನಗೆ ಕೇಳಿಸಲೆಂದೇ ತೊಳೆಯುತ್ತಿದ್ದಳು.

ಆ ಹೊತ್ತಿಗೆ ಸರಿಯಾಗಿ ಶಾಲೆಯಿಂದ ಮೊಬೈಲಿಗೆ ಒಂದು ಸಂದೇಶ ಬಂತು. ಈ ತಿಂಗಳು ಪ್ರತಿ ಶುಕ್ರವಾರ ಮಕ್ಕಳ ಬುತ್ತಿಗೆ ಒಂದೊಂದು ವಿಷಯ. ಮೊದಲ ವಾರ ಹಸಿರು ಬಣ್ಣ, ಎರಡನೇ ವಾರ ಪ್ರಾಣಿಗಳು, ಮೂರನೇ ವಾರ ಮಳೆ, ಕೊನೆಯ ವಾರ ಬಾಹ್ಯಾಕಾಶ. ಊಟ ನೋಡಲು ಚಂದವಾಗಿದ್ದರೆ ಮಕ್ಕಳು ತಾವಾಗಿಯೇ ತಿನ್ನುತ್ತಾರಂತೆ. ಚಂದದ ಊಟದ ಬಗ್ಗೆ ನನಗೆ ಮೊದಲಿನಿಂದಲೂ ಅನುಮಾನ. ಫೋರ್ಟ್ ಕೊಚ್ಚಿಯ ಒಂದು ದೊಡ್ಡ ಹೋಟೆಲಿನಲ್ಲಿ ನಾನು ಆರು ತಿಂಗಳು ಬೆಳಗಿನ ದೋಸೆಗೆ ನಿಂತಿದ್ದೆ. ಅಲ್ಲಿ ಕಲ್ಲಂಗಡಿಯಲ್ಲಿ ಹಂಸ ಕೆತ್ತುವುದಕ್ಕೆಂದೇ ಒಬ್ಬರಿದ್ದರು. ವಿದೇಶಿಯರು ಹಂಸದ ಪಕ್ಕ ನಿಂತು ಫೋಟೋ ತೆಗೆಸಿಕೊಂಡು, ಹಿಂದಿನ ತಟ್ಟೆಯಿಂದ ಹೆಚ್ಚಿದ ಕಲ್ಲಂಗಡಿ ಹಾಕಿಕೊಂಡು ಹೋಗುತ್ತಿದ್ದರು. ಮಧ್ಯಾಹ್ನ ಹಂಸ ಅಡುಗೆಮನೆಗೆ ವಾಪಸು ಬರುತ್ತಿತ್ತು, ಕುತ್ತಿಗೆ ಸ್ವಲ್ಪ ಬಾಗಿಸಿಕೊಂಡು, ಯಾರೂ ಮಾತಾಡಿಸದ ನೆಂಟರ ಹಾಗೆ. ಆದರೂ ಮಗಳ ವಿಷಯ. ಸೊಪ್ಪಿನ ದೋಸೆ ಹುಯ್ದು ಕಳಿಸಿದೆ. ಹಸಿರು ದೋಸೆ ಹಸಿರಾಗಿಯೇ ವಾಪಸು ಬಂತು.

ಪ್ರಾಣಿಗಳ ವಾರಕ್ಕೆ ಪಟ್ಟಾಗಿ ಕೂತೆ. ಇಡ್ಲಿಯನ್ನು ಕೊರೆದು ಮೊಲ ಮಾಡಿದೆ. ಎರಡು ಉದ್ದ ಕಿವಿ, ದಾಳಿಂಬೆ ಬೀಜದ ಕಣ್ಣು, ಸೌತೆಕಾಯಿಯ ಹುಲ್ಲುಗಾವಲು. ಮಾಡಿ ಮುಗಿಸಿ ನೋಡಿದರೆ ಅದು ನನ್ನನ್ನೇ ನೋಡುತ್ತಿತ್ತು. ಎಂಟನೇ ಕ್ಲಾಸು ಬಿಟ್ಟವನ ಕೈಗೆ ಇಷ್ಟು ಕಲೆ ಎಲ್ಲಿಂದ ಬಂತು ಎಂದು ನನಗೇ ಗೌರವ ಹುಟ್ಟಿತು. ಸಂಜೆ ಸಿರಿ ಡಬ್ಬಿಯನ್ನು ಎದೆಗೆ ಅವಚಿಕೊಂಡು ಮೆಲ್ಲನೆ ನಡೆದು ಬಂದಳು. ಮೊಲ ಒಳಗೆ ಕ್ಷೇಮವಾಗಿತ್ತು. “ಪಾವಂ ಅಪ್ಪಾ,” ಎಂದಳು. ಪಾಪದ್ದು, ಹೇಗೆ ತಿನ್ನಲಿ ಎಂದು. ಕ್ಲಾಸಿನವರೆಲ್ಲ ಸರದಿಯಲ್ಲಿ ಬಂದು ಪಾವಂ ಎಂದು ಅದರ ಕಿವಿ ಸವರಿ ಹೋಗಿದ್ದರಂತೆ. ಆ ಮೊಲಕ್ಕೆ ಸಿರಿ ಕರ್ಚೀಫು ಹೊದೆಸಿ ತನ್ನ ದಿಂಬಿನ ಪಕ್ಕ ಮಲಗಿಸಿಕೊಂಡಳು. ಶನಿವಾರ ಬೆಳಿಗ್ಗೆ ಮೊಲ ಹುಳಿ ವಾಸನೆ ಹೊಡೆಯತೊಡಗಿತು. ಭಾನುವಾರ ನಾವು ಮೂವರೂ ಫ್ಲಾಟಿನ ಹಿಂದಿನ ತೆಂಗಿನ ಬುಡದಲ್ಲಿ ಅದನ್ನು ಮಣ್ಣು ಮಾಡಿ ಬಂದೆವು. ನಾನು ಮಾಡಿದ ಇಡ್ಲಿಯ ಅಂತ್ಯಕ್ರಿಯೆಯಲ್ಲಿ ನಾನೇ ಕೈಮುಗಿದು ನಿಂತದ್ದು ಅದೇ ಮೊದಲು. ಮಳೆಯ ವಾರ ಮೋಡದ ಆಕಾರದ ಮೊಸರನ್ನ ಕಳಿಸಿದೆ. ಅದಕ್ಕೆ ಪಾವಂ ಕೂಡ ಸಿಗಲಿಲ್ಲ, ಬರೀ ವೇಂಡ.

ಸೋಮವಾರ ಸಿರಿಯ ಕ್ಲಾಸಿನ ಶೀಜಾ ಟೀಚರ್ ನನ್ನನ್ನು ಶಾಲೆಯ ಗೇಟಿನಲ್ಲಿ ನಿಲ್ಲಿಸಿದರು. “ಸಿರಿಯುಡೆ ಅಚ್ಛನಲ್ಲೇ?” ಸಿರಿಯ ಅಪ್ಪನಲ್ಲವೇ ಎಂದು ಶುರುಮಾಡಿ, ಅಣ್ಣಾ ಎನ್ನುವ ಹಾಗೆ ಚೇಟ್ಟಾ ಎನ್ನುತ್ತಾ ಮಲಯಾಳದಲ್ಲೇ ಮೆತ್ತಗೆ ಹೇಳಿದರು: “ಚೇಟ್ಟಾ, ಮಗು ಮಧ್ಯಾಹ್ನ ಏನೂ ತಿನ್ನುವುದಿಲ್ಲ. ಎರಡು ಗಂಟೆಗೆಲ್ಲ ಡೆಸ್ಕಿನ ಮೇಲೆ ತಲೆ ಇಡುತ್ತಾಳೆ. ಈ ತಿಂಗಳು ಮುಗಿಯಲಿ. ಆಗಲೂ ಹೀಗೇ ಇದ್ದರೆ ನಮ್ಮ ಶಾಲೆಯ ಮೆಸ್ಸಿಗೆ ಹಾಕಿಬಿಡಿ. ಅಲ್ಲಿ ಒಳ್ಳೆಯ ಅಡುಗೆಯವರಿದ್ದಾರೆ.”

ಒಳ್ಳೆಯ ಅಡುಗೆಯವರು. ಸ್ಕೂಟರಿನಲ್ಲಿ ಹೋಟೆಲು ತಲುಪುವವರೆಗೂ ಅದನ್ನೇ ಜಗಿದೆ. ನನ್ನ ಮಗಳು ಬೇರೆ ಅಡುಗೆಯವನ ಕೈಯ ಅನ್ನ ಉಣ್ಣುವುದು ಎಂದರೆ ವೈದ್ಯರ ಮಕ್ಕಳನ್ನು ಎದುರು ಬೀದಿಯ ವೈದ್ಯರಿಗೆ ತೋರಿಸಿದ ಹಾಗೆ. ಜೊತೆಗೆ, ಹೆಮ್ಮೆಯನ್ನು ಆಚೆಗಿಟ್ಟು ಹೇಳುವುದಾದರೆ, ಮಗುವಿನ ತೋಳು ನಿಜಕ್ಕೂ ನುಗ್ಗೆಕಾಯಿಯಷ್ಟಾಗಿತ್ತು. ಉಳಿದಿದ್ದದ್ದು ಒಂದೇ ಶುಕ್ರವಾರ, ಬಾಹ್ಯಾಕಾಶದ್ದು.

ಇಲ್ಲಿ ಮೂರ್ತಿ ಸರ್ ಬಗ್ಗೆ ಹೇಳಬೇಕು. ಮೈಸೂರಿನವರು, ಇಲ್ಲಿಯ ರಾಕೆಟ್ ಆಫೀಸಿನಲ್ಲಿ ವಿಜ್ಞಾನಿ, ನನ್ನ ಹೋಟೆಲಿನಲ್ಲಿ ದಿನಾ ಬೆಳಿಗ್ಗೆ ಕಿಟಕಿಯ ಪಕ್ಕದ ಮೇಜು. ಮಗ ದೊಡ್ಡವನಾಗಿ ಕಾಲೇಜು ಸೇರಿದ ಮೇಲೆ ಅವರಿಗೆ ಮನೆಯಲ್ಲಿ ಪಾಠ ಹೇಳಿಕೊಡಲು ಯಾರೂ ಇರಲಿಲ್ಲ. ನಾನು ಕಾಫಿ ಇಡುತ್ತಾ, “ಸರ್, ತಿನ್ನುವಂಥ ಒಂದು ರಾಕೆಟ್ಟು ಮಾಡುವುದು ಹೇಗೆ?” ಎಂದು ಕೇಳಿದೆ. ಅವರು ಲೋಟವನ್ನು ಕೆಳಗಿಟ್ಟರು. ಅಷ್ಟು ವರ್ಷದಲ್ಲಿ ಅವರು ಬಿಸಿ ಕಾಫಿ ಕೆಳಗಿಟ್ಟದ್ದನ್ನು ನಾನು ನೋಡಿರಲಿಲ್ಲ.

“ನೋಡ್ರಿ, ಇಡೀ ರಾಕೆಟ್ ನಂಗೆ ಗೊತ್ತಿಲ್ಲ,” ಎಂದರು. “ನಾನು ಒಂದು ವಾಲ್ವ್ ನೋಡ್ಕೋತೀನಿ. ಇಷ್ಟೇ ಇಷ್ಟಿದೆ. ಇಪ್ಪತ್ತೆರಡು ವರ್ಷದಿಂದ ಅದೊಂದೇ.”

“ಹಾಗಾದ್ರೆ ಬಿಡಿ ಸರ್.”

“ಬಿಡೋದೇನ್ರೀ, ಪೇಪರ್ ಕೊಡಿ.”

ಕೈ ಒರೆಸುವ ಕಾಗದದ ಮೇಲೆ ಅವರು ರಾಕೆಟ್ಟು ಬರೆದರು. ಅದರ ಸುತ್ತ ಬಾಣಗಳು, ಬಾಣಗಳ ಸುತ್ತ ಲೆಕ್ಕಗಳು. ನಾನು ಗಂಭೀರವಾಗಿ ತಲೆಯಾಡಿಸಿದೆ. ಅರ್ಥವಾದದ್ದು ಒಂದೇ: ಉದ್ದವಾಗಿ ಉರುಟಾಗಿ ಏನಾದರೂ ಬೇಕು. ಅದು ನನ್ನ ಹತ್ತಿರ ಇತ್ತು. ನಮ್ಮ ಕಡೆ ಮೂಡೆ ಎಂದು ಮಾಡುತ್ತೇವೆ. ಕೇದಗೆ ಜಾತಿಯ ಎಲೆಯನ್ನು ಕೊಳವೆಯಂತೆ ಸುತ್ತಿ, ಒಳಗೆ ಇಡ್ಲಿ ಹಿಟ್ಟು ಹೊಯ್ದು ಹಬೆಯಲ್ಲಿ ಬೇಯಿಸುವುದು. ಎಲೆ ಬಿಚ್ಚಿದರೆ ಒಳಗೆ ಬೆಳ್ಳಗೆ, ನೆಟ್ಟಗೆ, ಹಾರಲು ಸಿದ್ಧವಾದ ಹಾಗೆ ನಿಂತಿರುತ್ತದೆ. ನಮ್ಮ ಹಿರಿಯರಿಗೆ ಅದನ್ನು ಹಾರಿಸಬೇಕೆಂದು ತೋಚಿರಲಿಲ್ಲ, ಚಟ್ನಿಯಲ್ಲಿ ಅದ್ದಿ ತಿಂದುಬಿಟ್ಟರು.

ಶುಕ್ರವಾರ ಬೆಳಿಗ್ಗೆ ಗಿರಾಕಿಗಳು ಬರುವ ಮೊದಲೇ ಮೂರ್ತಿ ಸರ್ ಅಡುಗೆಮನೆಯಲ್ಲಿದ್ದರು, ಅರ್ಧ ದಿನ ರಜೆ ಹಾಕಿ. ಮೂಡೆಯನ್ನು ನಾಲ್ಕು ತುಂಡು ಮಾಡಬೇಕು, ನಾಲ್ಕು ಹಂತ, ಎಂದು ಅವರ ಹಠ. ತುಂಡುಗಳನ್ನು ಕಡ್ಡಿ ಚುಚ್ಚಿ ನಿಲ್ಲಿಸೋಣ ಎಂದೆ. “ಕಡ್ಡಿ ಗಿಡ್ಡಿ ಬ್ಯಾಡ, ಮಕ್ಳ್ ಗಂಟ್ಲಿಗ್ ಹೋರೆ ನೀವ್ ಹೊಣಿಯಾ?” ಎಂದು ಸುಮಿತ್ರಾ ಫೋನಿನಲ್ಲೇ ರದ್ದು ಮಾಡಿದಳು. ಹಾಗಾಗಿ ತುಪ್ಪದಲ್ಲಿ ಕಲಸಿದ ಚಟ್ನಿಪುಡಿಯೇ ಅಂಟು. ತುದಿಗೆ ಕ್ಯಾರೆಟ್ಟಿನ ಮೂಗು, ಅದರ ನೆತ್ತಿಯ ಮೇಲೆ ಉಪಗ್ರಹವೆಂದು ಒಂದು ದ್ರಾಕ್ಷಿ, ಕೆಳಗೆ ಹಪ್ಪಳದ ರೆಕ್ಕೆಗಳು. ಮೊದಲನೆಯದು ನಿಂತಿತು, ಯೋಚಿಸಿತು, ವಾಲಿತು, ಪಕ್ಕದ ಸಾಂಬಾರಿನ ಪಾತ್ರೆಗೆ ಬಿತ್ತು.

“ಸರ್, ನಿಮ್ಮಲ್ಲೂ ಹೀಗಾಗುತ್ತಾ?”

“ನಮ್ದು ಸಮುದ್ರಕ್ಕೆ ಬೀಳುತ್ತೆ. ಬೀಳಬೇಕಾದ್ದೇ ಅಲ್ಲಿಗೆ,” ಎಂದು ಅವರು ಸಾಂಬಾರನ್ನು ಇಣುಕಿ ನೋಡಿದರು. “ಸಾಂಬಾರು ನಮ್ಮ ಪ್ಲ್ಯಾನ್‌ನಲ್ಲಿ ಇಲ್ಲ ಕಣ್ರೀ.”

ಮೂರನೆಯದು ನಿಂತಿತು. ಆಮೇಲೂ ಅವರಿಗೆ ಸಮಾಧಾನವಿಲ್ಲ. ಒಂದು ಕೊತ್ತಂಬರಿ ದಂಟನ್ನು ಚಿವುಟಿ ಮೂರನೇ ತುಂಡಿನ ಬದಿಗೆ ಸಿಕ್ಕಿಸಿದರು. ಅದೇನು ಎಂದು ಕೇಳಿದೆ. “ನನ್ನ ವಾಲ್ವ್,” ಎಂದರು, ಸ್ವಲ್ಪ ನಾಚಿಕೊಂಡು. “ಅದಿಲ್ದೆ ಹೋಗಲ್ಲ.”

ಹೀಗೆ ತಯಾರಾದ ರಾಕೆಟ್ಟು ಯಾವ ಬುತ್ತಿ ಡಬ್ಬಿಯ ಮುಚ್ಚಳದಡಿಯೂ ಹಿಡಿಸಲಿಲ್ಲ. ಕೊನೆಗೆ ಕೌಂಟರಿನ ಮೇಲೆ ಬೋಂಡಾ ಇಡುವ ಗಾಜಿನ ಪೆಟ್ಟಿಗೆಯನ್ನು ಖಾಲಿ ಮಾಡಿ ಅದರಲ್ಲಿ ನಿಲ್ಲಿಸಿದೆವು. ಅವರು ಕಾರು ಓಡಿಸಿದರು. ನಾನು ಪೆಟ್ಟಿಗೆಯನ್ನು ತೊಡೆಯ ಮೇಲೆ ಅಪ್ಪಿಕೊಂಡು ಕೂತೆ. ಬೈಪಾಸಿನಲ್ಲಿ ನಮ್ಮನ್ನು ಬಸ್ಸು, ಆಟೋ, ಲಾರಿ, ಆಮೇಲೆ ಸೈಕಲಿನ ಮೀನು ಮಾರುವವರೂ ದಾಟಿ ಹೋದರು. ಪ್ರತಿ ಹಂಪಿನಲ್ಲೂ ಅವರು “ಹಿಡ್ಕೊಳ್ರೀ” ಎನ್ನುತ್ತಿದ್ದರು, ನಾನು ಉಸಿರು ಹಿಡಿಯುತ್ತಿದ್ದೆ. ಶಾಲೆಯ ಗೇಟು ಕಂಡಾಗ ಅವರು ಮೆಲ್ಲನೆ ಹೇಳಿದರು, ಇಷ್ಟು ವರ್ಷದಲ್ಲಿ ಹಾರುವ ರಾಕೆಟ್ಟಿನ ಹತ್ತಿರ ತಾವು ಒಮ್ಮೆಯೂ ನಿಂತದ್ದಿಲ್ಲ, ಟಿವಿಯಲ್ಲೇ ನೋಡಿದ್ದು, ಎಂದು. ಇದೂ ಹಾರುವುದಿಲ್ಲ ಸರ್ ಎಂದು ಹೇಳಬೇಕೆನ್ನಿಸಿತು. ಅವರ ಮುಖ ನೋಡಿ ಪೆಟ್ಟಿಗೆಯನ್ನು ಇನ್ನಷ್ಟು ಬಿಗಿಯಾಗಿ ಅಪ್ಪಿಕೊಂಡೆ.

ಊಟದ ಹೊತ್ತು. ಇಪ್ಪತ್ತೆಂಟು ಮಕ್ಕಳು ಡಬ್ಬಿ ಬಿಟ್ಟು ಎದ್ದು ಬಂದು ಪೆಟ್ಟಿಗೆಯ ಸುತ್ತ ನೆರೆದರು. ಸಿರಿ ಎಲ್ಲರ ಮುಂದೆ, ಸೊಂಟಕ್ಕೆ ಕೈಯಿಟ್ಟು. ಆಗ ತಿಳಿಯಿತು: ನನ್ನ ಅಪ್ಪನ ರಾಕೆಟ್ಟು ನಿಜವಾಗಿ ಹಾರುತ್ತದೆ ಎಂದು ಅವಳು ವಾರವಿಡೀ ಹೇಳಿಕೊಂಡು ಓಡಾಡಿದ್ದಾಳೆ. ಶೀಜಾ ಟೀಚರ್ ನಗುತ್ತಾ, “ಅಚ್ಛನೇ ಕೌಂಟ್‌ಡೌನ್ ಹೇಳಲಿ,” ಎಂದರು. ಇಂಗ್ಲಿಷಿನಲ್ಲಿ ಹೇಳಬಹುದಿತ್ತು, ಆದರೆ ವಿಜ್ಞಾನಿಯ ಎದುರು ನಡುವೆ ಎಲ್ಲಾದರೂ ಎಡವಿದರೆ? ದೋಸೆ ಎಣಿಸುವ ಭಾಷೆಯೇ ಗಟ್ಟಿ ಎಂದು ಕನ್ನಡದಲ್ಲಿ ಶುರುಮಾಡಿದೆ. ಹತ್ತು, ಒಂಬತ್ತು, ಎಂಟು. ಮಕ್ಕಳಿಗೆ ಅದು ತಮ್ಮ ಮಲಯಾಳದ ಎಣಿಕೆಯ ಹಾಗೇ ಕೇಳಿಸಿರಬೇಕು, ಹಿಂದೆಯೇ ಕೂಗಿದರು. ಮೂರು, ಎರಡು, ಒಂದು, ಸೊನ್ನೆ.

ರಾಕೆಟ್ಟು ನಿಂತೇ ಇತ್ತು.

“ಪೋಯಿಲ್ಲಲ್ಲೋ,” ಎಂದಿತು ಹಿಂದಿನ ಒಂದು ದನಿ. ಹೋಗಲಿಲ್ಲವಲ್ಲ ಎಂದು. ಸಿರಿ ನನ್ನತ್ತ ತಿರುಗಿದಳು. ಕೆಳತುಟಿ ಮೆಲ್ಲಗೆ ಹೊರಗೆ ಬರುತ್ತಿತ್ತು. ನಾನು ನೆಲ ನೋಡಿದೆ. ಆಗ ಮೂರ್ತಿ ಸರ್ ಗಂಟಲು ಸರಿಮಾಡಿಕೊಂಡು, ರಾಕೆಟ್ಟು ಒಮ್ಮೆಲೇ ಹೋಗುವುದಿಲ್ಲ, ಮೊದಲು ಕೆಳಗಿನ ಹಂತ ಕಳಚಿಕೊಂಡು ಸಮುದ್ರಕ್ಕೆ ಬೀಳುತ್ತದೆ ಎಂದು ಪಾಠ ಶುರುಮಾಡಿದರು. ಪಾಠದ ಭರದಲ್ಲಿ ಮೇಲಿನದನ್ನು ಒಂದು ಕೈಯಲ್ಲಿ ಎತ್ತಿ ಕೆಳಗಿನ ತುಂಡನ್ನು ಕಳಚಿಯೂ ಬಿಟ್ಟರು. ಕಳಚಿದ ಮೇಲೆ ಅದನ್ನು ಎಲ್ಲಿ ಹಾಕುವುದೆಂದು ತಿಳಿಯದೆ ಆ ಕಡೆ ಈ ಕಡೆ ನೋಡಿದರು. ಕ್ಲಾಸಿನಲ್ಲಿ ಸಮುದ್ರ ಇರಲಿಲ್ಲ. ಸಿರಿ ಬಾಯಿ ತೆರೆದಳು.

ಅವಳು ಜಗಿದಳು, ನುಂಗಿದಳು, ಸುತ್ತ ನೋಡಿದಳು. ಆಮೇಲೆ “ಇನಿಯುಂ,” ಎಂದಳು. ಇನ್ನೂ, ಎಂದು. ನನ್ನ ಅಡುಗೆಗೆ ಆ ಪದವನ್ನು ಅವಳು ಬಳಸಿದ್ದು ಅದೇ ಮೊದಲು. ಮತ್ತೆ ಹತ್ತರಿಂದ ಎಣಿಸಿದೆ; ಎರಡನೇ ಹಂತ ಹೋಯಿತು. ವಾಲ್ವಿನ ಸಮೇತ ಮೂರನೆಯದು, ನಾಲ್ಕನೆಯದು, ರೆಕ್ಕೆಗಳು, ಮೂಗು. ಪ್ರತಿ ಸೊನ್ನೆಗೂ ಉಳಿದ ಮಕ್ಕಳು ತಮ್ಮ ತಮ್ಮ ಡಬ್ಬಿಯಿಂದ ಒಂದೊಂದು ತುತ್ತನ್ನು ಉಡಾಯಿಸುತ್ತಿದ್ದರು. ಕೊನೆಗೆ ಉಳಿದ ದ್ರಾಕ್ಷಿಯನ್ನು ಸಿರಿ ಕೈಯಲ್ಲಿ ಎತ್ತಿ ಹಿಡಿದು ಕ್ಲಾಸಿನ ಸುತ್ತ ಮೂರು ಪ್ರದಕ್ಷಿಣೆ ಹಾಕಿ, ನಾಲ್ಕನೆಯದಕ್ಕೆ ನುಂಗಿದಳು. ಮೂರ್ತಿ ಸರ್ ಕನ್ನಡಕ ತೆಗೆದು ಒರೆಸಿಕೊಂಡರು. ಮೆಸ್ಸಿನ ಮಾತನ್ನು ಟೀಚರ್ ಮತ್ತೆ ಎತ್ತಲಿಲ್ಲ.

ನಾನು ಗೆದ್ದೆ ಎಂದು ಎರಡು ದಿನ ಹೋಟೆಲಿನಲ್ಲಿ ಎಲ್ಲರಿಗೂ ಹೇಳಿದೆ. ಕೈರುಚಿ ಎಂದರೆ ಇದು ಎಂದೆ. ಸೋಮವಾರ ಅದೇ ಹಿಟ್ಟಿನ, ಅದೇ ಎಲೆಯ, ಅದೇ ಚಟ್ನಿಪುಡಿಯ ಮೂಡೆಯನ್ನು ಸುಮ್ಮನೆ ಡಬ್ಬಿಗೆ ಹಾಕಿ ಕಳಿಸಿದೆ. ಹಾಗೇ ವಾಪಸು ಬಂತು. ಯಾಕೆ ಮಗಾ ಎಂದರೆ, “ಎಣಿಸ್ಲಿಲ್ಲ,” ಎಂದಳು, ಈ ಸಲ ಕನ್ನಡದಲ್ಲೇ. ಅಂದಿನಿಂದ ನಮ್ಮ ಮನೆಯಲ್ಲಿ ಪ್ರತಿ ತುತ್ತಿಗೂ ಹತ್ತರಿಂದ ಸೊನ್ನೆ. ಒಂದು ದೋಸೆಗೆ ಹದಿನೇಳು ಉಡಾವಣೆ. “ಮತ್ತೊಂದ್ ದೋಸಿ ಹಾಕ್ಬೇಡಿ ಮಾರಾಯ್ರೆ, ನಂಗ್ ಆಫೀಸಿಗ್ ಹೋಯ್ಕ್,” ಎನ್ನುತ್ತಾಳೆ ಸುಮಿತ್ರಾ.

ಮುಂದಿನ ವಾರ ಟೀಚರ್ ಫೋನು ಮಾಡಿದರು. ಚೇಟ್ಟನಿಗೆ ಶುಕ್ರವಾರ ಮಧ್ಯಾಹ್ನ ಬಿಡುವು ಮಾಡಿಕೊಂಡು ಬರಲು ಆಗುತ್ತದೆಯೇ ಎಂದು. ನಾನು ಎದೆಯುಬ್ಬಿಸಿ, ಇಪ್ಪತ್ತೆಂಟು ಮಕ್ಕಳಿಗೂ ಏನು ಮಾಡಿ ತರಲಿ ಟೀಚರ್ ಎಂದೆ. “ಅಯ್ಯೋ, ಅಡುಗೆ ಏನೂ ಬೇಡ,” ಎಂದರು. “ಬಂದು ಎಣಿಸಿದರೆ ಸಾಕು.” ಹಾಗಾಗಿ ಈಗ ಪ್ರತಿ ಶುಕ್ರವಾರ, ದೋಸೆ ಕಲ್ಲನ್ನು ಬೇರೆಯವರಿಗೆ ವಹಿಸಿ, ಕೈ ಬೀಸಿಕೊಂಡು ಹೋಗುತ್ತೇನೆ. ಎಲ್ಲರೂ ಅವರವರ ಮನೆಯ ಊಟ ತಿನ್ನುತ್ತಾರೆ. ನಾನು ಎಣಿಸುತ್ತೇನೆ.

ಈಗ ನನ್ನ ಹತ್ತಿರ ಇರುವುದು ಇಷ್ಟು: ಎಂಟು ಮೇಜಿನ ಹೋಟೆಲು ಒಂದು, ದೋಸೆ ಕಲ್ಲು ಎರಡು, ಸ್ಕೂಟರು ಒಂದು, ಬಿಕಾಂ ಓದಿದ ಹೆಂಡತಿ ಒಬ್ಬಳು, ಹದಿನಾರೂವರೆ ಕಿಲೋ ತೂಗುವ ಮಗಳು ಒಬ್ಬಳು, ವಾಲ್ವು ನೋಡಿಕೊಳ್ಳುವ ಸ್ನೇಹಿತರು ಒಬ್ಬರು, ಮತ್ತು ಕನ್ನಡದಲ್ಲಿ ಹಿಂದಕ್ಕೆ ಎಣಿಸಲು ಬರುವ, ಮುಂದಕ್ಕೆ ಎಣಿಸಲು ಬಾರದ ಮಕ್ಕಳು ಇಪ್ಪತ್ತೆಂಟು.